ನೆರೆಯ ಆಡಳಿತಗಳೊಡನೆ ಒಡನಾಟ: ಸ್ಯಾಂಡ್‌ವಿಕೆನ್ ಮೇಯರ್ ಹುದ್ದೆಯ ಒಂದು ಮುಖ

ಸ್ವೀಡನ್ ದೇಶದ ಸ್ಥಳೀಯ ಆಡಳಿತದ ಘಟಕಕ್ಕೆ ಕೊಮ್ಮೂನ್ ಎಂದು ಹೆಸರು. ಕರ್ನಾಟಕದಲ್ಲಿರುವಂತೆ ಪೇಟೆಗೆ ಪುರಸಭೆ, ಹಳ್ಳಿಗೆ ಪಂಚಾಯಿತಿ ಎಂಬ ವಿಂಗಡಣೆ ಅಲ್ಲಿಲ್ಲ. ಒಂದು ಪೇಟೆ, ಅದರ ಸುತ್ತಲಿನ ಹಳ್ಳಿಗಳು, ಕೆರೆ ಕಾಡುಗಳೆಲ್ಲ ಸೇರಿ ಒಂದೇ ಕೊಮ್ಮೂನ್ ಆಗುತ್ತದೆ. ಇಡೀ ದೇಶದಲ್ಲಿ ಇಂಥವು 290 ಇದ್ದು, ಶಾಲೆ, ವೃದ್ಧರ ಆರೈಕೆ, ನೀರು, ಕಸ, ಅಗ್ನಿಶಾಮಕ ಸೇವೆ ಮುಂತಾದವುಗಳ ಹೊಣೆ ಅವುಗಳದು. ತಮ್ಮ ನಿವಾಸಿಗಳ ಆದಾಯದ ಮೇಲೆ ನೇರವಾಗಿ ತೆರಿಗೆ ವಿಧಿಸುವ ಅಧಿಕಾರವೂ ಅವುಗಳಿಗಿದೆ. ಸ್ಟಾಕ್‌ಹೋಮ್‌ನ ಉತ್ತರಕ್ಕೆ, ಸ್ಟೂರ್‌ಶೋನ್ ಸರೋವರದ ದಡದಲ್ಲಿರುವ ಸ್ಯಾಂಡ್‌ವಿಕೆನ್ ಇವುಗಳಲ್ಲೊಂದು. ಅದರ ಜನಸಂಖ್ಯೆ ಸುಮಾರು 39,000.

ಸ್ವೀಡನ್ನಿನಲ್ಲಿ ಮೇಯರ್ ಅವರನ್ನು ಜನರು ನೇರವಾಗಿ ಆರಿಸುವುದಿಲ್ಲ. ನಾಲ್ಕು ವರ್ಷಗಳಿಗೊಮ್ಮೆ, ಸಂಸತ್ತಿನ ಚುನಾವಣೆಯ ದಿನವೇ, ಮತದಾರರು ಕೊಮ್ಮೂನಿನ ಮಹಾಸಭೆಯನ್ನು ಆರಿಸುತ್ತಾರೆ. ಆ ಮಹಾಸಭೆ ಕಾರ್ಯಕಾರಿ ಮಂಡಳಿಯನ್ನು ನೇಮಿಸುತ್ತದೆ. ಆ ಮಂಡಳಿಯ ಅಧ್ಯಕ್ಷರೇ ಹೊರಗಿನವರು ಮೇಯರ್ ಎಂದು ಕರೆಯುವ ವ್ಯಕ್ತಿ. ಅವರು ಸಾಮಾನ್ಯವಾಗಿ ಸಂಬಳ ಪಡೆದು ಪೂರ್ಣಾವಧಿ ದುಡಿಯುವ ಜನಪ್ರತಿನಿಧಿ. ಒಬ್ಬರೇ ಕುಳಿತು ಆಜ್ಞೆ ಹೊರಡಿಸುವ ಅಧಿಕಾರ ಅವರಿಗೆ ಅತ್ಯಲ್ಪವಾದ್ದರಿಂದ, ಅವರ ವಾರದ ಬಹುಭಾಗ ಮಾತುಕತೆಯಲ್ಲಿ ಕಳೆಯುತ್ತದೆ, ಮತ್ತು ಆ ಮಾತುಕತೆಯ ದೊಡ್ಡ ಪಾಲು ಕೊಮ್ಮೂನಿನ ಗಡಿಯಾಚೆಗಿನವರೊಡನೆ ನಡೆಯುತ್ತದೆ.

ಯೋರಾನ್ ಫ್ರೆಡ್ರಿಕ್ ಯೋರಾನ್ಸನ್ ಬೆಸೆಮರ್ ವಿಧಾನದಿಂದ, ಅಂದರೆ ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಉಕ್ಕು ತೆಗೆಯುವ ವಿಧಾನದಿಂದ, 1858ರಲ್ಲಿ ಯಶಸ್ಸು ಕಂಡ ಮೇಲೆ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆ 1862ರಲ್ಲಿ ಆರಂಭವಾಯಿತು. ಸ್ವೀಡನ್ನಿನ ಆಧುನಿಕ ಸ್ಥಳೀಯ ಆಡಳಿತದ ಕಾನೂನುಗಳು ರೂಪುಗೊಂಡದ್ದೂ ಅದೇ ವರ್ಷ. ಆಗ ಒಂದೊಂದು ಚರ್ಚಿನ ವ್ಯಾಪ್ತಿಯೂ ಒಂದೊಂದು ಪುಟ್ಟ ಆಡಳಿತವಾಗಿದ್ದರಿಂದ ಅವುಗಳ ಸಂಖ್ಯೆ ಎರಡೂವರೆ ಸಾವಿರದಷ್ಟಿತ್ತು. 1952ರ ಮತ್ತು 1970ರ ದಶಕದ ಸುಧಾರಣೆಗಳು ಅದನ್ನು 278ಕ್ಕೆ ಇಳಿಸಿದವು. 1971ರಲ್ಲಿ ಯೆರ್ಬೂ, ಊವಾನ್‌ಶೋ, ಓರ್ಸುಂಡ, ಓಸ್ಟರ್‌ಫೆರ್ನೆಬೂ ಎಂಬ ನೆರೆಯ ಆಡಳಿತಗಳು ಸ್ಯಾಂಡ್‌ವಿಕೆನ್‌ನಲ್ಲಿ ಲೀನವಾದವು. ನೆರೆಯವರನ್ನು ಒಳಗೆ ಸೇರಿಸಿಕೊಳ್ಳುವ ದಾರಿ ಅಲ್ಲಿಗೆ ನಿಂತಿತು; ಅಂದಿನಿಂದ ಇಂದಿನವರೆಗೆ ನಡೆದಿರುವುದು ನೆರೆಯವರು ನೆರೆಯವರಾಗಿಯೇ ಉಳಿದು ಕೂಡಿ ದುಡಿಯುವ ದಾರಿ.

ಈ ದಾರಿಯ ಮುಖ್ಯ ಸಾಧನ ಕೊಮ್ಮೂನ್‌ಗಳ ಒಕ್ಕೂಟ. ಇದು ಸೌಹಾರ್ದದ ವೇದಿಕೆಯಲ್ಲ. ತನ್ನದೇ ಸಿಬ್ಬಂದಿ, ಆಸ್ತಿ, ಸಾಲಗಳಿರುವ ಸಾರ್ವಜನಿಕ ಸಂಸ್ಥೆ. ಸದಸ್ಯ ಕೊಮ್ಮೂನ್‌ಗಳ ಮಹಾಸಭೆಗಳೆಲ್ಲವೂ ಒಪ್ಪಿದ ನಿಯಮಾವಳಿಯಿಂದ ಅದು ಹುಟ್ಟುತ್ತದೆ, ಅದರ ಆಡಳಿತಕ್ಕೆ ಸದಸ್ಯರನ್ನು ಆರಿಸಿ ಕಳಿಸುವುದೂ ಆ ಮಹಾಸಭೆಗಳೇ. ಅದಕ್ಕೆ ತೆರಿಗೆ ವಿಧಿಸುವ ಹಕ್ಕಿಲ್ಲ. ಸದಸ್ಯರು ಕೊಡುವ ಹಣ ಮತ್ತು ಸೇವಾಶುಲ್ಕಗಳಿಂದ ನಡೆಯಬೇಕು, ಸಾಲ ತೀರಿಸಲಾಗದೆ ಹೋದರೆ ಕೊರತೆಯನ್ನು ಸದಸ್ಯರೇ ತುಂಬಿಕೊಡಬೇಕು. ಸ್ಯಾಂಡ್‌ವಿಕೆನ್ ಇರುವ ಯೆಸ್ಟ್ರಿಕ್‌ಲ್ಯಾಂಡ್ ಸೀಮೆಯಲ್ಲಿ ಅಗ್ನಿಶಾಮಕ ಸೇವೆಗೆ ಒಂದು, ಕಸ ನಿರ್ವಹಣೆಗೆ ಒಂದು, ಹೀಗೆ ಎರಡು ಒಕ್ಕೂಟಗಳಿದ್ದು, ಎರಡರಲ್ಲೂ ಸ್ಯಾಂಡ್‌ವಿಕೆನ್, ಯೆವ್ಲೆ, ಹೋಫೋರ್ಸ್, ಒಕ್ಕೆಲ್ಬೂ, ಎಲ್ವ್‌ಕಾರ್ಲೆಬಿ ಎಂಬ ಐದು ಕೊಮ್ಮೂನ್‌ಗಳು ಪಾಲುದಾರರು. ಇವುಗಳಲ್ಲಿ ಎಲ್ವ್‌ಕಾರ್ಲೆಬಿ ಇರುವುದು ಪಕ್ಕದ ಉಪ್ಸಾಲ ಜಿಲ್ಲೆಯಲ್ಲಿ ಎಂಬುದು ಗಮನಾರ್ಹ. ಬೆಂಕಿಗೂ ಕಸದ ಲಾರಿಗೂ ಅನುಕೂಲವಾದ ನೆರೆತನವನ್ನು ಜಿಲ್ಲೆಯ ಗಡಿ ತಡೆದಿಲ್ಲ.

ಇಂಥ ಏರ್ಪಾಡಿನ ಅಗತ್ಯವನ್ನು 2014ರ ವೆಸ್ಟ್‌ಮನ್‌ಲ್ಯಾಂಡ್ ಕಾಳ್ಗಿಚ್ಚು ದೇಶಕ್ಕೇ ಕಾಣಿಸಿತು. ಜುಲೈ 31ರಂದು ಹೊತ್ತಿಕೊಂಡ ಆ ಬೆಂಕಿ ನಾಲ್ಕು ಕೊಮ್ಮೂನ್‌ಗಳಿಗೆ ಹಬ್ಬಿ ಸುಮಾರು 14,000 ಹೆಕ್ಟೇರ್ ಕಾಡನ್ನು ಸುಟ್ಟಿತು. ಮೊದಲ ದಿನಗಳಲ್ಲಿ ಅಕ್ಕಪಕ್ಕದ ಅಗ್ನಿಶಾಮಕ ಪಡೆಗಳು ಬೇರೆ ಬೇರೆ ನೇತೃತ್ವದಲ್ಲಿ ಹೋರಾಡುತ್ತಿದ್ದವು. ಆಗಸ್ಟ್ 5ರಂದು ಜಿಲ್ಲಾಡಳಿತ ಇಡೀ ಕಾರ್ಯಾಚರಣೆಯನ್ನು ಕೈಗೆ ತೆಗೆದುಕೊಂಡ ಬಳಿಕವಷ್ಟೇ ನೇತೃತ್ವ ಒಂದಾಯಿತು. ಆಪತ್ತಿನ ನಡುವೆ ಕೂಡಿ ಕೆಲಸ ಮಾಡುವುದನ್ನು ಹೊಸದಾಗಿ ಕಲಿಯಲಾಗದು. ಶಾಂತಿಯ ದಿನಗಳಲ್ಲಿ ಯಂತ್ರ, ಸಿಬ್ಬಂದಿ, ಖರ್ಚಿನ ಪಾಲುಗಳ ಬಗ್ಗೆ ನಡೆಯುವ ನೀರಸವಾದ ಸಭೆಗಳೇ ಆ ಕಲಿಕೆಯ ಜಾಗ.

ಆದರೆ ಈ ಪಾಲುದಾರಿಕೆ ಸಮಾನರ ನಡುವಿನದಲ್ಲ. ಯೆವ್ಲೆಯ ಜನಸಂಖ್ಯೆ ಒಂದು ಲಕ್ಷ ದಾಟಿದೆ, ಒಕ್ಕೆಲ್ಬೂ ಆರು ಸಾವಿರವನ್ನೂ ಮುಟ್ಟುವುದಿಲ್ಲ. ಸ್ಯಾಂಡ್‌ವಿಕೆನ್ ನಡುವಿನ ಸ್ಥಾನದಲ್ಲಿದೆ. ದೊಡ್ಡ ನೆರೆಯವರೇ ಎಲ್ಲವನ್ನೂ ನಿರ್ಧರಿಸದಂತೆ ನೋಡಿಕೊಳ್ಳಬೇಕಾದ ಅದರ ಮೇಯರ್, ತಾವು ಸಣ್ಣ ನೆರೆಯವರ ಪಾಲಿಗೆ ಅದೇ ಬಗೆಯ ದೊಡ್ಡವರಾಗದಂತೆಯೂ ಎಚ್ಚರ ವಹಿಸಬೇಕು. ಒಡನಾಟ ಇಷ್ಟು ಹಳೆಯದಾದರೂ ಎಲ್ಲ ಕೆಲಸದಲ್ಲೂ ಕೂಡಲೇಬೇಕೆಂಬ ಕಟ್ಟುಪಾಡು ಇಲ್ಲ. ಯೆಸ್ಟ್ರಿಕೆ ವಾಟನ್ ಎಂಬ ಜಂಟಿ ನೀರು ಸರಬರಾಜು ಕಂಪನಿಯಲ್ಲಿ ಉಳಿದ ನಾಲ್ಕು ಕೊಮ್ಮೂನ್‌ಗಳಿದ್ದರೂ ಸ್ಯಾಂಡ್‌ವಿಕೆನ್ ಇಲ್ಲ. ಅದು ತನ್ನದೇ ಕಂಪನಿಯಿಂದ ನೀರು ಕೊಡುತ್ತದೆ. ಹಾಗೆಂದು ನೀರಿನ ನಂಟು ಕಡಿಯುವುದಿಲ್ಲ: ಸ್ಯಾಂಡ್‌ವಿಕೆನ್‌ನ ಸ್ಟೂರ್‌ಶೋನ್ ಸರೋವರದಿಂದ ಹೊರಡುವ ಗಾವ್ಲೆಓನ್ ನದಿ ಯೆವ್ಲೆ ನಗರದ ನಡುವೆ ಹಾದು ಸಮುದ್ರ ಸೇರುತ್ತದೆ. 2021ರ ಆಗಸ್ಟ್‌ನಲ್ಲಿ ಯೆವ್ಲೆ ಪ್ರದೇಶದಲ್ಲಿ ಒಂದೇ ದಿನ 160 ಮಿಲಿಮೀಟರ್‌ಗೂ ಮಿಕ್ಕ ಮಳೆ ಸುರಿದು ರಸ್ತೆ, ಮನೆಗಳಿಗೆ ಹಾನಿಯಾದ ಮೇಲೆ ಮಳೆನೀರಿನ ಯೋಜನೆ ಆ ಸೀಮೆಗೆಲ್ಲ ತುರ್ತಿನ ವಿಷಯವಾಯಿತು.

ಕರ್ನಾಟಕದ ಓದುಗರಿಗೆ ಇಂಥ ಒಡನಾಟದ ಬೆಲೆ ಮಂಡೂರಿನ ನೆನಪಿನಿಂದ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಕಸ ವರ್ಷಗಳ ಕಾಲ ನಗರದ ಹೊರಗಿನ ಆ ಹಳ್ಳಿಯಲ್ಲಿ ಬಿತ್ತು. ಹಳ್ಳಿಯವರು ಬೀದಿಗಿಳಿದು ಹೋರಾಡಿದ ಮೇಲೆ, 2014ರಲ್ಲಿ, ಅದು ನಿಂತಿತು. ಕಸವನ್ನು ಎಲ್ಲಿ ಸುರಿಯಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಅವರ ಪಂಚಾಯಿತಿಗೆ ಮತವಿರಲಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ ಪಟ್ಟಣ ಮತ್ತು ಪಂಚಾಯಿತಿಗಳನ್ನು ಒಂದೆಡೆ ಕೂರಿಸಲೆಂದೇ ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿ, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತ ಪ್ರತಿನಿಧಿಗಳಿಂದಲೇ ಆಯ್ಕೆಯಾಗಬೇಕೆಂದು ಹೇಳಿದೆ. ಆದರೆ ಸಮಿತಿಯ ಕೆಲಸ ಯೋಜನೆಯ ಕರಡು ತಯಾರಿಸುವುದು. ಲಾರಿ, ಹಣ, ಸಿಬ್ಬಂದಿ ಅದರ ಕೈಯಲ್ಲಿಲ್ಲ. ಇನ್ನು ಕರ್ನಾಟಕದ ಮಹಾನಗರ ಪಾಲಿಕೆಗಳ 1976ರ ಕಾಯ್ದೆ ಮೇಯರ್‌ಗೆ ಕೊಟ್ಟ ಅವಧಿ ಒಂದೇ ವರ್ಷ, ಕಾರ್ಯಾಂಗದ ಅಧಿಕಾರವೆಲ್ಲ ಸರ್ಕಾರ ನೇಮಿಸುವ ಆಯುಕ್ತರದು. ಹೀಗಿರುವಾಗ ನೆರೆಯ ಊರಿನೊಡನೆ ಹತ್ತು ವರ್ಷದ ಕರಾರಿಗೆ ಕೈಹಾಕುವ ಉತ್ಸಾಹವಾಗಲಿ ಬಲವಾಗಲಿ ಮೇಯರ್ ಒಬ್ಬರಲ್ಲಿ ಹುಟ್ಟುವುದು ಕಷ್ಟ.

ಸ್ವೀಡನ್ನಿನ ಏರ್ಪಾಡಿಗೂ ಒಂದು ಗಂಭೀರ ಕೊರತೆಯಿದೆ. ಒಕ್ಕೂಟದ ಆಡಳಿತಕ್ಕೆ ಮತದಾರರು ನೇರವಾಗಿ ಮತ ಹಾಕುವುದಿಲ್ಲ. ಕಸದ ಶುಲ್ಕ ಏರಿದಾಗ ಯಾರನ್ನು ಕೇಳಬೇಕೆಂಬುದು ಸಾಮಾನ್ಯ ನಿವಾಸಿಗೆ ತಿಳಿಯದೆ ಹೋಗಬಹುದು. ಇದಕ್ಕೆ ಕಾನೂನು ಇಟ್ಟಿರುವ ಉತ್ತರ ಹೊಣೆಮುಕ್ತಿ ಎಂಬ ವಿಧಾನ, ಅಂದರೆ ಲೆಕ್ಕಪರಿಶೋಧಕರ ವರದಿಯನ್ನು ಓದಿದ ಮೇಲೆ ಆಡಳಿತ ಮಂಡಳಿಯ ವರ್ಷದ ಕೆಲಸವನ್ನು ಒಪ್ಪುವುದು ಅಥವಾ ನಿರಾಕರಿಸುವುದು. ಆಡಳಿತ ಮಂಡಳಿಯಿಂದ ನಡೆಯುವ ಒಕ್ಕೂಟದಲ್ಲಿ ಈ ತೀರ್ಮಾನ ಒಕ್ಕೂಟದೊಳಗೆ ಮುಗಿಯದೆ ಪ್ರತಿ ಸದಸ್ಯ ಕೊಮ್ಮೂನಿನ ಮಹಾಸಭೆಗೂ ಹೋಗುತ್ತದೆ. ಹಾಗಾಗಿ ಐವರು ನೆರೆಯವರು ಸೇರಿ ಮಾಡಿದ ಕೆಲಸದ ಬಗ್ಗೆ ಸ್ಯಾಂಡ್‌ವಿಕೆನ್‌ನ ವಿರೋಧ ಪಕ್ಷದ ಸದಸ್ಯರೊಬ್ಬರು ಎದ್ದು ಪ್ರಶ್ನೆ ಕೇಳಬಹುದು.