ಕಣ್ಣಿಗೆ ನಿಲುಕದ ಲಿಪಿ

ಎಳನೀರಿನ ಗಾಡಿಯ ಮೇಲೆ, ಹೂವಾಡಗಿತ್ತಿಯ ಬುಟ್ಟಿಯ ಅಂಚಿನಲ್ಲಿ, ದೇವಾಲಯದ ಹುಂಡಿಯ ಮಗ್ಗುಲಲ್ಲಿ, ಮಕ್ಕಳ ಪಠ್ಯಪುಸ್ತಕದ ಪುಟದಲ್ಲಿ ಇಂದು ಒಂದು ಕರಿಬಿಳುಪಿನ ಚೌಕ ಕಾಣಸಿಗುತ್ತದೆ. ಅಕ್ಕಿಯ ಮೇಲೆ ಕಾಳುಮೆಣಸು ಚೆಲ್ಲಿದಂತಿರುವ ಈ ಚೌಕವನ್ನು ನೋಡದವರು ವಿರಳ. ನೋಡಿದೊಡನೆ ಅದರಲ್ಲಿ ಏನು ಬರೆದಿದೆಯೆಂದು ಹೇಳಬಲ್ಲವರು ಇಲ್ಲವೆಂದೇ ಹೇಳಬೇಕು. ಹಲ್ಮಿಡಿಯ ಕಲ್ಲಿನಿಂದ ಮೊದಲ್ಗೊಂಡು ಮೊನ್ನೆಯ ಕರಪತ್ರದವರೆಗೆ ನಮ್ಮವರು ಬರೆದುದೆಲ್ಲ ಮನುಷ್ಯನ ಕಣ್ಣಿಗಾಗಿ. ಈ ಚೌಕದ ಬರವಣಿಗೆಯಾದರೋ ಯಂತ್ರದ ಕಣ್ಣಿಗಾಗಿ. ಎಂ.ಎ. ಓದಿದವನೂ ಇದರ ಮುಂದೆ ಹೆಬ್ಬೆಟ್ಟಿನವನೇ. ಏನಿದೆಯೆಂದು ತಿಳಿಯದೆಯೇ ಒಪ್ಪಿಗೆ ಒತ್ತಬೇಕಾದವನು. ಚೌಕವನ್ನು ಮಾಡುವವನ ಮೇಲೂ ಬಳಸುವವನ ಮೇಲೂ ಹೊಣೆ ಬೀಳುವುದು ಇಲ್ಲಿಂದಲೇ.

ಇದರ ಹೆಸರು ಕ್ಯೂ.ಆರ್. ಕೋಡ್. ಕೂಡಲೇ ಮರುನುಡಿ ಕೊಡುವುದು ಎಂಬ ಅರ್ಥದ ‘ಕ್ವಿಕ್ ರೆಸ್ಪಾನ್ಸ್’ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಅವು. ಪೇಟೆಬೀದಿಯಲ್ಲಿ ಮಾತ್ರ ಇದಕ್ಕೆ ‘ಸ್ಕ್ಯಾನರ್’ ಎಂಬ ಹೆಸರೂ ಬಿದ್ದಿದೆ. “ಸ್ಕ್ಯಾನರ್ ಎಲ್ಲಿದೆಯಮ್ಮಾ?” ಎಂದು ಗಿರಾಕಿ ಕೇಳಿದರೆ ಅಂಗಡಿಯಾಕೆ ತೋರಿಸುವುದು ಈ ಚೀಟಿಯನ್ನೇ. ಓದುವ ಯಂತ್ರದ ಹೆಸರು ಓದಿಸಿಕೊಳ್ಳುವ ಚೀಟಿಗೆ ಸಂದಿದೆ. ಅಲಂಕಾರಶಾಸ್ತ್ರ ಬಲ್ಲವರು ಇದನ್ನು ಲಕ್ಷಣೆಯೆಂದು ಕ್ಷಮಿಸಬಹುದು.

ಊಟದ ಬಿಡುವಿನ ಆಟ

ಚೌಕಕ್ಕಿಂತ ಮೊದಲು ಗೆರೆಗಳಿದ್ದುವು. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಮಿಯಾಮಿಯ ಕಡಲತೀರದಲ್ಲಿ ಕುಳಿತು, ತಂತಿ ವರ್ತಮಾನದ ಚುಕ್ಕೆ ಗೆರೆಗಳನ್ನು ಮರಳಿನ ಮೇಲೆ ಬೆರಳಿನಿಂದ ಕೆಳಕ್ಕೆಳೆದಾಗ ಬಾರ್‌ಕೋಡಿನ ಕಲ್ಪನೆ ಹೊಳೆಯಿತು. ಆತನೂ ಆತನ ಸ್ನೇಹಿತ ಬರ್ನಾರ್ಡ್ ಸಿಲ್ವರನೂ 1952ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದು, ಮೈಮೇಲಿನ ಗೆರೆಗಳನ್ನು ಯಂತ್ರಕ್ಕೆ ಓದಿಸಿ ಮಾರಾಟವಾಯಿತು. ಆದರೆ ಈ ಗೆರೆಗಳಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ; ಸುಮಾರು 20 ಅಕ್ಷರಗಳಿಗೆ ಅವುಗಳ ಹೊಟ್ಟೆ ತುಂಬಿಹೋಗುತ್ತದೆ. ಜಪಾನಿನ ಮೋಟಾರು ಕಾರ್ಖಾನೆಗಳಲ್ಲಿ ಒಂದೊಂದು ಪೆಟ್ಟಿಗೆಗೂ ಹಲವು ಗೆರೆಚೀಟಿಗಳನ್ನಂಟಿಸಿ, ಕೆಲಸಗಾರರು ದಿನಕ್ಕೆ ಸಾವಿರದಷ್ಟು ಚೀಟಿಗಳನ್ನು ಓದಿಸಿ ಬೇಸತ್ತಿದ್ದರು.

ಡೆನ್ಸೋ ಎಂಬ ಬಿಡಿಭಾಗಗಳ ಸಂಸ್ಥೆಯಲ್ಲಿದ್ದ ಮಸಾಹಿರೋ ಹಾರಾ ಈ ಬೇಸರಕ್ಕೆ ಮದ್ದು ಹುಡುಕಿದರು. ಊಟದ ಬಿಡುವಿನಲ್ಲಿ ಅವರು ಆಡುತ್ತಿದ್ದುದು ‘ಗೋ’ ಎಂಬ ಆಟ. ನಮ್ಮ ಆಡು-ಹುಲಿಯಲ್ಲಿರುವಂತೆಯೇ ಗೆರೆಗಳು ಕೂಡುವೆಡೆಯಲ್ಲಿ ಕಾಯಿಗಳನ್ನಿಡಬೇಕು. ಕಾಯಿಗಳು ಕರಿ ಮತ್ತು ಬಿಳಿ. ಮಣೆಯ ಮೇಲೆ ಕಾಯಿಗಳು ಅಡ್ಡಕ್ಕೂ ಉದ್ದಕ್ಕೂ ಹರಡಿರುವುದನ್ನು ಕಂಡಾಗ, ಮಾತನ್ನೂ ಹೀಗೆಯೇ ಎರಡು ದಿಕ್ಕಿಗೆ ಹರಡಬಾರದೇಕೆ ಎಂಬ ಆಲೋಚನೆ ಹುಟ್ಟಿತು. ಇಬ್ಬರೇ ಇದ್ದ ಆ ತಂಡ 1994ರಲ್ಲಿ ಚೌಕವನ್ನು ಲೋಕಕ್ಕೆ ಕೊಟ್ಟಿತು.

ಚೌಕದ ಮೂರು ಮೂಲೆಗಳಲ್ಲಿ ಒಂದರೊಳಗೊಂದು ಕುಳಿತ ಚಿಕ್ಕ ಚೌಕಗಳಿವೆಯಷ್ಟೆ. ಇವು ಅಂದಕ್ಕಾಗಿ ಇಟ್ಟುವಲ್ಲ. ಸಂಕೇತವು ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ಯಂತ್ರಕ್ಕೆ ತಿಳಿಸುವ ಗುರುತುಗಳು. ಅವುಗಳ ನಡುವೆ ಯಾವ ದಿಕ್ಕಿನಿಂದ ಗೆರೆಯೆಳೆದರೂ ಕರಿ, ಬಿಳಿ, ಕರಿ, ಬಿಳಿ, ಕರಿ ಎಂಬ ಭಾಗಗಳು 1:1:3:1:1 ಎಂಬ ಪ್ರಮಾಣದಲ್ಲಿ ಬರುತ್ತವೆ. ಈ ಪ್ರಮಾಣ ಸಿಕ್ಕಿದ ಬಗೆ ಸ್ವಾರಸ್ಯವಾದುದು. ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆ ಮೊದಲಾದವುಗಳಲ್ಲಿ ಅಚ್ಚಾದ ಚಿತ್ರಾಕ್ಷರಗಳನ್ನೆಲ್ಲ ತಂಡ ಅಳೆದು ನೋಡಿತು. ಅಚ್ಚಿನ ಲೋಕದಲ್ಲಿ ಅತಿ ವಿರಳವಾಗಿ ಕಾಣುವ ಪ್ರಮಾಣವನ್ನು ಆರಿಸಿಕೊಂಡಿತು. ಸಂತೆಯಲ್ಲಿ ಮಗು ಕಳೆದುಹೋಗದಿರಲೆಂದು ಬೇರೆ ಯಾರೂ ತೊಡದ ಬಣ್ಣದ ಅಂಗಿಯನ್ನು ತೊಡಿಸಿದಂತೆ. ಪೇಟೆಂಟ್ ಹಕ್ಕನ್ನು ಹೊಂದಿದ್ದರೂ ಸಂಸ್ಥೆ ಅದನ್ನು ಚಲಾಯಿಸಲಿಲ್ಲ. ಈ ಔದಾರ್ಯವಿಲ್ಲದಿದ್ದರೆ ಚೌಕವು ಎಳನೀರಿನ ಗಾಡಿಯನ್ನು ಮುಟ್ಟುತ್ತಿದ್ದುದು ಸಂದೇಹ.

ಬಂಧ ತಿಳಿದವನಿಗೆ ಕಾವ್ಯ

ಅಂಕೆಗಳ ಮನೆಯಲ್ಲಿ ಮಾತನ್ನು ಅಡಗಿಸಿಡುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಕುಮುದೇಂದು ಮುನಿಯ ‘ಸಿರಿಭೂವಲಯ’ದಲ್ಲಿ ಅಕ್ಷರಗಳೇ ಇಲ್ಲ, 27 ಅಡ್ಡಸಾಲು, 27 ಉದ್ದಸಾಲುಗಳ ಚಕ್ರದ 729 ಮನೆಗಳಲ್ಲಿ 1ರಿಂದ 64ರವರೆಗಿನ ಅಂಕೆಗಳಿವೆ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ‘ಬಂಧ’ ಬಲ್ಲವನಿಗೆ ಮಾತ್ರ ಕಾವ್ಯ ತೆರೆದುಕೊಳ್ಳುತ್ತದೆ. ಆ ಮುನಿಯ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಅದಿರಲಿ. ಕ್ಯೂ.ಆರ್. ಚೌಕಕ್ಕೂ ಬಂಧವೊಂದುಂಟು. ಅತಿ ಚಿಕ್ಕ ಚೌಕದಲ್ಲಿ 21 ಸಾಲುಗಳು, 441 ಮನೆಗಳು. ಅತಿ ದೊಡ್ಡದರಲ್ಲಿ 177 ಸಾಲುಗಳು, 31,329 ಮನೆಗಳು. ಯಂತ್ರವು ಬಲಗಡೆಯ ಕೆಳಮೂಲೆಯಿಂದ ಹೊರಟು, ಎರಡೆರಡು ಮನೆಗಳ ಅಗಲದಲ್ಲಿ ಮೇಲೇರಿ, ಮತ್ತೆ ಕೆಳಗಿಳಿದು, ಗುರುತಿನ ಚೌಕಗಳನ್ನು ಬಳಸಿಕೊಂಡು, ಉಳುವ ನೇಗಿಲಿನಂತೆ ಎಡಕ್ಕೆ ಸಾಗುತ್ತದೆ.

ಚೀಟಿ ಹರಿದರೂ, ಮೇಲೆ ಎಣ್ಣೆ ಚೆಲ್ಲಿದರೂ ಅದು ಓದಿಸಿಕೊಳ್ಳುವುದನ್ನು ಕಂಡು ಬೆರಗಾಗುವವರುಂಟು. ಇದಕ್ಕೆ ಕಾರಣ, ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ದೋಷಪರಿಹಾರದ ಕ್ರಮ. ಮೂಲ ಮಾತಿನ ಜೊತೆಗೆ ಅದರಿಂದಲೇ ಗುಣಿಸಿ ತೆಗೆದ ಸಾಕ್ಷಿಯ ಅಂಕೆಗಳನ್ನೂ ಚೌಕದಲ್ಲಿ ತುಂಬಿರುತ್ತಾರೆ. ಅಳಿದುದನ್ನು ಉಳಿದುದರಿಂದ ಯಂತ್ರ ಲೆಕ್ಕಹಾಕಿ ತುಂಬಿಕೊಳ್ಳುತ್ತದೆ. ಈ ರಕ್ಷೆಗೆ ನಾಲ್ಕು ಹಂತಗಳು: ಸುಮಾರು ಶೇಕಡಾ 7, 15, 25 ಮತ್ತು 30. ರಕ್ಷೆ ಹೆಚ್ಚಿದಂತೆ ಮಾತಿಗೆ ಉಳಿಯುವ ಜಾಗ ಕಡಿಮೆ. ಚೌಕದ ನಡುವೆ ಅಂಗಡಿಯ ಮುದ್ರೆಯನ್ನೋ ದೇವರ ಚಿತ್ರವನ್ನೋ ಕೂರಿಸುವವರು ಈ ರಕ್ಷೆಯನ್ನೇ ಮುರಿದು ತಿನ್ನುತ್ತಿದ್ದಾರೆಂಬುದನ್ನು ಮರೆಯಬಾರದು. ಮೂಲೆಯ ಗುರುತುಗಳಿಗಂತೂ ಈ ಪರಿಹಾರ ಅನ್ವಯಿಸುವುದಿಲ್ಲ. ಅವುಗಳ ಮೇಲೆ ಮೊಳೆ ಹೊಡೆದರೆ ಚೌಕ ಕುರುಡು.

ಭಾಷೆಯ ವಿಚಾರ ಸ್ವಲ್ಪ ನೋಯಿಸುವಂಥದು. ಜಪಾನೀಯರು ತಮ್ಮ ಕಾಂಜಿ ಲಿಪಿಗೆಂದೇ ಚೌಕದಲ್ಲಿ ಬೇರೆ ಏರ್ಪಾಡು ಮಾಡಿಕೊಂಡರು. ಅವರ ಒಂದು ಅಕ್ಷರಕ್ಕೆ 13 ಬಿಟ್‌ಗಳು ಸಾಕು. ಕನ್ನಡಕ್ಕೆ ಅಂಥ ಏರ್ಪಾಡಿಲ್ಲ. ಈಗಿನ ರೂಢಿಯಂತೆ ನಮ್ಮ ಒಂದೊಂದು ವರ್ಣಚಿಹ್ನೆಗೂ 24 ಬಿಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ವಿರಾಮವೂ ಸೇರಿ ಐದು ಚಿಹ್ನೆಗಳು, ಒಟ್ಟು 120 ಬಿಟ್‌ಗಳು. ಅದೇ ಪದವನ್ನು ರೋಮನ್ ದೊಡ್ಡಕ್ಷರಗಳಲ್ಲಿ ಬರೆದರೆ 39 ಬಿಟ್‌ಗಳಲ್ಲಿ ಮುಗಿಯುತ್ತದೆ. ಅತಿ ದೊಡ್ಡ ಚೌಕದಲ್ಲಿಯೂ ಹಿಡಿಯುವುದು ಸಾವಿರಕ್ಕಿಂತ ಕಡಿಮೆ ಕನ್ನಡ ಚಿಹ್ನೆಗಳು. ಆದುದರಿಂದ ಇಡೀ ಸಭೆಯ ವರದಿಯನ್ನೋ ಸ್ಥಳಪುರಾಣವನ್ನೋ ಚೌಕದೊಳಗೇ ತುರುಕದೆ, ಅದು ದೊರೆಯುವ ತಾಣದ ಚಿಕ್ಕ ವಿಳಾಸವನ್ನಷ್ಟೇ ಇಡುವುದು ಜಾಣತನ. ಮಾತು ಕಡಿಮೆಯಾದಷ್ಟೂ ಮನೆಗಳು ದೊಡ್ಡವಾಗುತ್ತವೆ. ಹಳೆಯ ಫೋನಿಗೂ ಮಬ್ಬುಗತ್ತಲಿಗೂ ಎಟುಕುತ್ತವೆ.

ಮಾಡುವವರಿಗೆ

ಅಚ್ಚುಕೂಟದವರು ಹೆಚ್ಚಾಗಿ ತಪ್ಪುವುದು ಅಂಚಿನಲ್ಲಿ. ಚೌಕದ ಸುತ್ತ ನಾಲ್ಕು ಮನೆಗಳಷ್ಟು ಬಿಳಿಯ ಜಾಗ ಇರಲೇಬೇಕು. ಅಲ್ಲಿ ಬಳ್ಳಿ, ಹೂವು, ಚೌಕಟ್ಟು ಬಿಡಿಸಿದರೆ ಸಂಕೇತವು ಎಲ್ಲಿ ಮೊದಲಾಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬಣ್ಣದ ಮೋಹವೂ ಬೇಡ. ತಿಳಿಯ ನೆಲದ ಮೇಲೆ ಕಡು ಬಣ್ಣ ಸರಿ. ಅರಿಸಿನದ ಮೇಲೆ ಕಿತ್ತಳೆ ಸರಿಯಲ್ಲ. ಕರಿಯ ನೆಲದ ಮೇಲಿನ ಬಿಳಿ ಮನೆಗಳನ್ನು ಕೆಲವು ಫೋನುಗಳು ಓದುತ್ತವೆ, ಕೆಲವು ಓದಲಾರವು. ಅಳತೆಗೆ ರೂಢಿಯ ಲೆಕ್ಕವೊಂದುಂಟು: ಓದುವವನು ನಿಲ್ಲುವ ದೂರದ ಹತ್ತನೆಯ ಒಂದು ಪಾಲು. ಹತ್ತು ಅಡಿ ದೂರದಿಂದ ಓದಬೇಕಾದ ಚೌಕಕ್ಕೆ ಒಂದು ಅಡಿ ಅಗಲ ಬೇಕು. ಓಡುವ ಬಸ್ಸಿನ ಹಿಂಬದಿಯಲ್ಲಿ ಅಂಗೈಯಗಲದ ಚೌಕ ಬರೆಸುವವರ ಉದ್ದೇಶ ಏನೆಂಬುದು ಅವರಿಗೇ ಗೊತ್ತು.

ಚೌಕಗಳಲ್ಲಿ ಸ್ಥಿರ, ಚಲ ಎಂದು ಎರಡು ಬಗೆ. ಸ್ಥಿರದಲ್ಲಿ ಮಾತು ಚೌಕದಲ್ಲಿಯೇ ಇರುತ್ತದೆ. ಚಲದಲ್ಲಿ ಇರುವುದು ಮಧ್ಯವರ್ತಿ ಸಂಸ್ಥೆಯೊಂದರ ವಿಳಾಸ. ಅಲ್ಲಿಂದ ಅದು ನಿಜವಾದ ತಾಣಕ್ಕೆ ಕಳುಹಿಸುತ್ತದೆ. ಅಚ್ಚಾದ ಮೇಲೂ ತಾಣವನ್ನು ಬದಲಿಸಬಹುದೆಂಬುದು ಚಲದ ಅನುಕೂಲ. ಆದರೆ ಮಧ್ಯವರ್ತಿಗೆ ಬಾಡಿಗೆ ನಿಲ್ಲಿಸಿದ ದಿನ ಸಾವಿರ ಪ್ರತಿಗಳೂ ಒಮ್ಮೆಗೇ ಮೂಕವಾಗಬಹುದು. ಪುಸ್ತಕದಲ್ಲಿಯೋ ಸ್ಮಾರಕದ ಫಲಕದಲ್ಲಿಯೋ ಬಹುಕಾಲ ಬಾಳಬೇಕಾದುದಕ್ಕೆ ಸ್ವಂತ ವಿಳಾಸದ ಸ್ಥಿರ ಚೌಕವೇ ಲೇಸು. ಚೌಕದ ಕೆಳಗೆ, ಇದು ಯಾರದು, ತೆರೆದರೆ ಏನು ಸಿಗುತ್ತದೆ ಎಂದು ಒಂದು ಸಾಲು ಕನ್ನಡದಲ್ಲಿ ಬರೆಯುವುದನ್ನು ಮಾತ್ರ ಬಿಡಬಾರದು. ಕಣ್ಣಿಗೆ ಸಿಗುವುದು ಆ ಸಾಲೊಂದೇ.

ಬಳಸುವವರಿಗೆ

2016ರಲ್ಲಿ ಯು.ಪಿ.ಐ. ಬಂದ ಮೇಲೆ ಚೌಕ ಹಣದ ಹಾದಿಯಾಯಿತು. ಅಂದಿನಿಂದ ಕಳ್ಳರ ಹಾದಿಯೂ ಆಯಿತು. ರಾತ್ರಿ ಅಂಗಡಿಯ ಚೀಟಿಯ ಮೇಲೆ ತಮ್ಮ ಚೀಟಿಯನ್ನಂಟಿಸಿ ಹೋಗುವುದು ಅವರ ಒಂದು ತಂತ್ರ. ಕಣ್ಣಿಗೆ ಎರಡೂ ಒಂದೇ. ಗಿರಾಕಿಯ ಹಣ ಹೋಗುವುದು ಬೇರೆಯ ಖಾತೆಗೆ. ದಿನಕ್ಕೆ ಐನೂರೋ ಆರುನೂರೋ ಗಳಿಸುವ ಹೂವಾಡಗಿತ್ತಿಗೆ ಇದು ತಿಳಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಇನ್ನೊಂದು ತಂತ್ರ, ಹಳೆಯ ಮಂಚ ಕುರ್ಚಿ ಮಾರಲಿಟ್ಟವರಿಗೆ ಕೊಳ್ಳುವವನ ಸೋಗಿನಲ್ಲಿ ಚೌಕವೊಂದನ್ನು ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಸರ್, ನಿಮ್ಮ ಖಾತೆಗೆ ಹಣ ಬರುತ್ತದೆ” ಎನ್ನುವುದು. ಯು.ಪಿ.ಐ.ನಲ್ಲಿ ಹಣ ಪಡೆಯಲು ಚೌಕವನ್ನು ಓದಿಸಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಅವೆರಡೂ ಬೇಕಾಗುವುದು ಹಣ ಕೊಡುವವನಿಗೆ. ಮೋಸ ಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು.

ಚೌಕವನ್ನು ಓದಲಾರೆವಾದರೂ, ಓದಿಸಿದ ಮೇಲೆ ತೆರೆಯಲ್ಲಿ ಮೂಡುವ ಹೆಸರನ್ನು ಓದಬಲ್ಲೆವು. ಗಿರಾಕಿಯು ಪಿನ್ ಒತ್ತುವ ಮೊದಲು ಆ ಹೆಸರನ್ನು ಗಟ್ಟಿಯಾಗಿ ಹೇಳಿ, ಅಂಗಡಿಯಾಕೆ ಹೌದೆಂದರೆ ಮುಂದುವರಿಯಬೇಕು. ಆಕೆಯ ಮಟ್ಟಿಗೆ ಇನ್ನೊಂದು ಉಪಾಯವಿದೆ. ಹಣ ಬಂದಾಗ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯಿದ್ದರೆ, ಬೆಳಗ್ಗೆ ಬುಟ್ಟಿ ಬಿಚ್ಚಿದೊಡನೆ ಮನೆಯವರ ಫೋನಿನಿಂದ ಒಂದು ರೂಪಾಯಿಯನ್ನು ತನ್ನ ಚೌಕಕ್ಕೇ ಕಳುಹಿಸಿ ನೋಡುವುದು. ಪೆಟ್ಟಿಗೆ ಕೂಗಿದರೆ ಚೌಕ ತನ್ನದು. ಕೂಗದಿದ್ದರೆ, ಮೊದಲು ಚೀಟಿಯ ಅಂಚಿಗೆ ಉಗುರು ಹಾಕಿ, ಅಡಿಯಲ್ಲಿ ಇನ್ನೊಂದು ಚೀಟಿಯಿದೆಯೇ ಎಂದು ನೋಡಬೇಕು.