ಸಿಹಿನೀರಿನ ಗುಣಮಟ್ಟ: ರಾಷ್ಟ್ರೀಯ ಪರಿವೀಕ್ಷಣೆ ಮತ್ತು ಸೂಚ್ಯಂಕ

ಪುಣೆಯ ಮುಠಾ, ಮುಂಬಯಿಯ ಮೀಠಿ, ಹೈದರಾಬಾದಿನ ಮೂಸಿ, ಚೆನ್ನೈನ ಕೂವಂ, ದೆಹಲಿಯ ಯಮುನೆ. ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಪ್ರತಿನಿತ್ಯ ಈ ನದಿಗಳ ಸೇತುವೆಗಳನ್ನು ದಾಟುತ್ತಾರೆ. ನೀರು ಕೆಟ್ಟಿದೆಯೆಂದು ತಿಳಿಯಲು ಅವರಿಗೆ ಯಾವ ಉಪಕರಣವೂ ಬೇಕಿಲ್ಲ. ಕಣ್ಣು ಮೂಗುಗಳೇ ಸಾಕು. ಆದರೆ ಎಷ್ಟು ಕೆಟ್ಟಿದೆ, ಯಾವ ಕಾರಣದಿಂದ ಕೆಟ್ಟಿದೆ, ಹತ್ತು ವರ್ಷಗಳ ಹಿಂದಿನದಕ್ಕಿಂತ ಸುಧಾರಿಸಿದೆಯೇ ಎಂಬ ಪ್ರಶ್ನೆಗಳಿಗೆ ಇಂದ್ರಿಯಗಳು ಉತ್ತರ ಕೊಡಲಾರವು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನೋಡಲು ತಿಳಿಯಾಗಿರುವ ನೀರಿನಲ್ಲಿಯೂ ರೋಗಾಣುಗಳು, ಫ್ಲೋರೈಡ್ ಅಥವಾ ಆರ್ಸೆನಿಕ್ ಇರಬಹುದು. ಆದುದರಿಂದಲೇ ನೀರಿನ ಗುಣಮಟ್ಟವನ್ನು ಕ್ರಮಬದ್ಧವಾಗಿ ಅಳೆಯುವ ರಾಷ್ಟ್ರೀಯ ವ್ಯವಸ್ಥೆಯೊಂದು ಅಗತ್ಯವಾಗುತ್ತದೆ.

ಕಾರ್ಯಕ್ರಮ ಬೆಳೆದುಬಂದ ಬಗೆ

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಕಾನೂನಿನ ತಳಹದಿ ದೊರೆತದ್ದು 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮದಿಂದ. ಇಂದಿನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಸ್ಥಾಪನೆಗೊಂಡದ್ದೂ ಅದೇ ವರ್ಷದಲ್ಲಿ. ವಿಶ್ವ ಪರಿಸರ ಪರಿವೀಕ್ಷಣಾ ವ್ಯವಸ್ಥೆಯ ಅಂಗವಾಗಿ 1978ರಲ್ಲಿ ಮಂಡಳಿಯು 24 ಮೇಲ್ಮೈ ಜಲ ಕೇಂದ್ರಗಳು ಮತ್ತು 11 ಅಂತರ್ಜಲ ಕೇಂದ್ರಗಳೊಡನೆ ಪರಿವೀಕ್ಷಣೆಯನ್ನು ಆರಂಭಿಸಿತು. 1984ರಲ್ಲಿ ಭಾರತೀಯ ರಾಷ್ಟ್ರೀಯ ಜಲಸಂಪನ್ಮೂಲಗಳ ಪರಿವೀಕ್ಷಣಾ ಕಾರ್ಯಕ್ರಮವು 10 ನದಿ ಕಣಿವೆಗಳ 113 ಕೇಂದ್ರಗಳಲ್ಲಿ ಪ್ರಾರಂಭವಾಯಿತು. 2020ರ ದಶಕದ ಆರಂಭದ ವೇಳೆಗೆ ನದಿ, ಕೆರೆ, ಬಾವಿ ಮುಂತಾದವುಗಳನ್ನು ಒಳಗೊಂಡ ಈ ಜಾಲದ ಕೇಂದ್ರಗಳ ಸಂಖ್ಯೆ 4,000ವನ್ನು ಮೀರಿತ್ತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ಇದರಲ್ಲಿ ಸಹಭಾಗಿಗಳಾಗಿವೆ. ಕೇಂದ್ರ ಜಲ ಆಯೋಗವೂ ಕೇಂದ್ರ ಅಂತರ್ಜಲ ಮಂಡಳಿಯೂ ತಮ್ಮದೇ ಜಾಲಗಳನ್ನು ಹೊಂದಿವೆ. ಈ ಬೇರೆ ಬೇರೆ ಸಂಸ್ಥೆಗಳ ಅಂಕಿಅಂಶಗಳು ಪರಸ್ಪರ ಹೋಲಿಕೆಗೆ ಒದಗಬೇಕೆಂಬ ಉದ್ದೇಶದಿಂದ 2005ರಲ್ಲಿ ಏಕರೂಪದ ಪರಿವೀಕ್ಷಣಾ ವಿಧಾನವನ್ನು ಸರ್ಕಾರವು ಆದೇಶದ ಮೂಲಕ ಗೊತ್ತುಪಡಿಸಿತು.

ಎಲ್ಲಿ, ಯಾವಾಗ ಅಳೆಯಬೇಕು

ಕೇಂದ್ರಗಳ ಸಂಖ್ಯೆಗಿಂತ ಅವುಗಳ ಸ್ಥಾನ ಹೆಚ್ಚು ಮಹತ್ವದ್ದು. ಮಾನವ ಚಟುವಟಿಕೆಯ ಪ್ರಭಾವ ತೀರ ಕಡಿಮೆಯಿರುವ ಮೇಲ್ಗಣಿವೆಯಲ್ಲಿ ಒಂದು ಕೇಂದ್ರವಿದ್ದರೆ ನದಿಯ ಸಹಜ ಸ್ಥಿತಿ ತಿಳಿಯುತ್ತದೆ. ನಗರದ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಚರಂಡಿಯ ನೀರು ಚೆನ್ನಾಗಿ ಬೆರೆತ ಮೇಲೆ ಇನ್ನೊಂದು ಕೇಂದ್ರವಿದ್ದರೆ ಆ ನಗರವು ನದಿಗೆ ಸೇರಿಸಿದ್ದೇನು ಎಂಬುದು ಸ್ಪಷ್ಟವಾಗುತ್ತದೆ. ಯಮುನೆಯು ದೆಹಲಿಯನ್ನು ಪ್ರವೇಶಿಸುವ ಪಲ್ಲಾ ಎಂಬಲ್ಲಿ ನೀರಿನಲ್ಲಿ ಆಮ್ಲಜನಕವಿರುತ್ತದೆ. ವಜೀರಾಬಾದಿನ ಕೆಳಗೆ ದೊಡ್ಡ ಚರಂಡಿಗಳು ಕೂಡಿದ ಬಳಿಕ ಅದು ಬಹುಮಟ್ಟಿಗೆ ಇಲ್ಲವಾಗುತ್ತದೆ. ಈ ಎರಡು ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಹೊಣೆ ಎಲ್ಲಿಯದೆಂದು ಬೇರೆ ವಾದ ಬೇಕಾಗುವುದಿಲ್ಲ.

ನದಿಗೆ ರಾಜ್ಯಗಳ ಗಡಿಯಿಲ್ಲ. ಪುಣೆಯ ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆಯು ಉಜನಿ ಜಲಾಶಯವನ್ನು ದಾಟಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಮೂಲಕ ಸಾಗಿ, ಕೃಷ್ಣೆಯಲ್ಲಿ ಲೀನವಾಗುತ್ತದೆ. ಪುಣೆಯ ಮನೆಯೊಂದರಿಂದ ಹೊರಟ ಕೊಳಚೆಯು ಸಂಸ್ಕರಣಗೊಳ್ಳದಿದ್ದಲ್ಲಿ ಅದು ಹಿಡಿಯುವುದು ತವರಿನ ದಾರಿಯನ್ನೇ. ಮೇಲಿನವರ ಅಳತೆ ಕೆಳಗಿನವರಿಗೆ ತಿಳಿಯಬೇಕಾದ ಅಗತ್ಯ ಇದರಿಂದ ಮನವರಿಕೆಯಾಗುತ್ತದೆ.

ಕಾಲವೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಪ್ರವಾಹವು ಮಾಲಿನ್ಯವನ್ನು ತೆಳುವಾಗಿಸುತ್ತದೆ. ಬೇಸಿಗೆಯಲ್ಲಿ ಅದೇ ಕೊಳಚೆ ಅಲ್ಪ ನೀರಿನಲ್ಲಿ ಸಾಂದ್ರವಾಗುತ್ತದೆ. ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಆಮ್ಲಜನಕ ಏರುತ್ತದೆ, ಬೆಳಗಿನ ಜಾವದಲ್ಲಿ ಕುಸಿಯುತ್ತದೆ. ಒಂದು ವರ್ಷ ಮಧ್ಯಾಹ್ನ, ಮರುವರ್ಷ ಮುಂಜಾನೆ ಮಾದರಿ ತೆಗೆದರೆ ಆ ಎರಡು ಅಂಕಿಗಳ ಹೋಲಿಕೆಗೆ ಅರ್ಥವಿರುವುದಿಲ್ಲ.

ಸೀಸೆಯಿಂದ ಪ್ರಯೋಗಾಲಯಕ್ಕೆ

ಮಾದರಿ ಸಂಗ್ರಹಣೆಯು ಸರಳವಾಗಿ ತೋರಿದರೂ ದೋಷಗಳು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಮೇಲ್ಮೈಯ ಕಸವನ್ನೂ ತಳದ ಕೆಸರನ್ನೂ ತಪ್ಪಿಸಿ, ಸಾಮಾನ್ಯವಾಗಿ ಸುಮಾರು 30 ಸೆಂಟಿಮೀಟರ್ ಆಳದಿಂದ ನೀರನ್ನು ತೆಗೆಯಲಾಗುತ್ತದೆ. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧಗೊಳಿಸಿದ ಪ್ರತ್ಯೇಕ ಸೀಸೆ ಬೇಕು. ಕರಗಿದ ಆಮ್ಲಜನಕದ ಮಾದರಿಯಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು. ರಾಸಾಯನಿಕಗಳನ್ನು ಸೇರಿಸಿ ದಡದಲ್ಲಿಯೇ ಆಮ್ಲಜನಕವನ್ನು ಸ್ಥಿರಗೊಳಿಸಬೇಕು. ಇತರ ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಗಿಸಬೇಕು. ಬಿಸಿಲಿನಲ್ಲಿ ಆರು ತಾಸು ಇದ್ದ ಸೀಸೆಯ ನೀರು ನದಿಯ ನೀರನ್ನು ಪ್ರತಿನಿಧಿಸುವುದಿಲ್ಲ. ಪ್ರಯೋಗಾಲಯದ ಯಂತ್ರ ಎಷ್ಟೇ ಬೆಲೆಬಾಳುವುದಾದರೂ ಆ ತಪ್ಪನ್ನು ಸರಿಪಡಿಸಲಾರದು.

ಏನನ್ನು ಅಳೆಯಲಾಗುತ್ತದೆ

ಮುಖ್ಯ ಮಾನಕಗಳು ನಾಲ್ಕು. ಮೊದಲನೆಯದು ಕರಗಿದ ಆಮ್ಲಜನಕ. 30 ಡಿಗ್ರಿ ಉಷ್ಣತೆಯ ಶುದ್ಧ ನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ಮೀನುಗಳ ಬದುಕಿಗೆ 4 ಮಿಲಿಗ್ರಾಂ ಆದರೂ ಇರಬೇಕೆಂದು ಮಂಡಳಿಯ ಮಾನದಂಡ ಹೇಳುತ್ತದೆ. ಎರಡನೆಯದು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಸಾವಯವ ಕಲ್ಮಷವನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಬಳಸುವ ಆಮ್ಲಜನಕದ ಪ್ರಮಾಣ. ನಮ್ಮ ದೇಶದ ಹವೆಗೆ ಅನುಗುಣವಾಗಿ ಈ ಪರೀಕ್ಷೆಯನ್ನು 27 ಡಿಗ್ರಿಯಲ್ಲಿ ಮೂರು ದಿನ ನಡೆಸಲಾಗುತ್ತದೆ. ಮೂರನೆಯದು ಮಲಮೂತ್ರದ ಬೆರಕೆಯನ್ನು ತಿಳಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ. ನಾಲ್ಕನೆಯದು ನೀರಿನ ಆಮ್ಲೀಯತೆ ಅಥವಾ ಕ್ಷಾರೀಯತೆಯನ್ನು ಸೂಚಿಸುವ ಪಿ.ಎಚ್. ಮೌಲ್ಯ.

ಈ ಅಳತೆಗಳ ಆಧಾರದಿಂದ ಮಂಡಳಿಯು ನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ವರ್ಗಗಳನ್ನಾಗಿ ವಿಂಗಡಿಸಿದೆ. ಕೇವಲ ಕ್ರಿಮಿನಾಶನದಿಂದ ಕುಡಿಯಲು ಯೋಗ್ಯವಾಗುವ ಜಲಮೂಲವು ಎ ವರ್ಗ. ಸ್ನಾನಕ್ಕೆ ತಕ್ಕುದು ಬಿ. ಸಾಂಪ್ರದಾಯಿಕ ಸಂಸ್ಕರಣ ಮತ್ತು ಕ್ರಿಮಿನಾಶನದ ನಂತರ ಕುಡಿಯಬಹುದಾದುದು ಸಿ. ವನ್ಯಜೀವಿಗಳಿಗೂ ಮೀನುಗಾರಿಕೆಗೂ ತಕ್ಕುದು ಡಿ. ನೀರಾವರಿ ಮುಂತಾದವುಗಳಿಗೆ ಒದಗುವುದು ಇ. ಬಿ ವರ್ಗದಲ್ಲಿ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರುವಂತಿಲ್ಲ. 2022ರ ವರದಿಯಲ್ಲಿ ಕೂವಂ ನದಿಯ ಆವಡಿ-ಸತ್ಯನಗರ ನಡುವಣ ಪಾತ್ರದಲ್ಲಿ ದಾಖಲಾದ ಪ್ರಮಾಣ 345 ಮಿಲಿಗ್ರಾಂ. ಇದು ಸಂಸ್ಕರಿಸದ ಕೊಳಚೆಯಲ್ಲಿ ಕಾಣಬರುವ ಮಟ್ಟವಾಗಿದೆ.

ಹಲವು ಅಂಕಿಗಳಿಂದ ಒಂದು ಸೂಚ್ಯಂಕ

ಸಾಮಾನ್ಯ ಜನರಿಗೂ ಆಡಳಿತಗಾರರಿಗೂ ಹತ್ತಾರು ಅಂಕಿಗಳ ಕೋಷ್ಟಕ ಸುಲಭಗ್ರಾಹ್ಯವಲ್ಲ. ಆದುದರಿಂದ ಅವುಗಳನ್ನು ಕ್ರೋಡೀಕರಿಸಿ 0ಯಿಂದ 100ರ ವರೆಗಿನ ಒಂದೇ ಸಂಖ್ಯೆಯಾಗಿಸುವ ಪದ್ಧತಿ ರೂಢಿಗೆ ಬಂದಿತು. ಮಂಡಳಿಯು ಅಮೆರಿಕದ ವಿಧಾನವೊಂದನ್ನು ಮಾರ್ಪಡಿಸಿಕೊಂಡು ರೂಪಿಸಿದ ಸೂಚ್ಯಂಕದಲ್ಲಿ ಕರಗಿದ ಆಮ್ಲಜನಕಕ್ಕೆ 0.31, ಮಲಜನ್ಯ ಕೋಲಿಫಾರ್ಮ್‌ಗೆ 0.28, ಪಿ.ಎಚ್.ಗೆ 0.22, ಜೈವಿಕ ಆಮ್ಲಜನಕ ಬೇಡಿಕೆಗೆ 0.19 ತೂಕವನ್ನು ನೀಡಲಾಗಿದೆ. ಪ್ರತಿ ಮಾನಕಕ್ಕೂ ದೊರೆತ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಿಸಲಾಗುತ್ತದೆ. ಮೊತ್ತ 63ನ್ನು ಮೀರಿದರೆ ನೀರು 'ಉತ್ತಮ'ದಿಂದ 'ಅತ್ಯುತ್ತಮ'ದ ಶ್ರೇಣಿಗೆ ಸೇರುತ್ತದೆ.

ಸೂಚ್ಯಂಕದ ಅನುಕೂಲವೂ ಅಪಾಯವೂ ಇಲ್ಲಿಯೇ ಅಡಗಿವೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಘಟ್ಟದ ನೀರಿಗೆ ಪಿ.ಎಚ್.ನಲ್ಲಿ 90, ಕರಗಿದ ಆಮ್ಲಜನಕದಲ್ಲಿ 85, ಜೈವಿಕ ಆಮ್ಲಜನಕ ಬೇಡಿಕೆಯಲ್ಲಿ 80 ಅಂಕಗಳು ದೊರೆತು, ಕೋಲಿಫಾರ್ಮ್‌ನಲ್ಲಿ ಕೇವಲ 20 ದೊರೆತಿವೆಯೆನ್ನೋಣ. ತೂಕದ ಪ್ರಕಾರ ಕೂಡಿಸಿದಾಗ ಸುಮಾರು 67 ಬರುತ್ತದೆ. ಸೂಚ್ಯಂಕದ ದೃಷ್ಟಿಯಲ್ಲಿ ಈ ನೀರು 'ಉತ್ತಮ'. ಆದರೆ ಅದರಲ್ಲಿ ಮುಳುಗಿದ ಮಗುವಿಗೆ ವಾಂತಿಭೇದಿ ತಗಲಬಹುದು. ಮೂರು ಒಳ್ಳೆಯ ಅಂಕಗಳು ಒಂದು ಕೆಟ್ಟ ಅಂಕವನ್ನು ಮರೆಮಾಡಿದವು. ಇನ್ನು ಫ್ಲೋರೈಡ್, ಆರ್ಸೆನಿಕ್, ಕೀಟನಾಶಕಗಳ ವಿಷಯದಲ್ಲಂತೂ ಈ ಸೂಚ್ಯಂಕವು ಏನನ್ನೂ ಹೇಳುವುದಿಲ್ಲ, ಏಕೆಂದರೆ ಅವು ಲೆಕ್ಕದಲ್ಲಿಯೇ ಇಲ್ಲ.

ಆದುದರಿಂದ ಉತ್ತಮ ಕಾರ್ಯಕ್ರಮವೊಂದು ಎರಡು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಸೂಚ್ಯಂಕದ ಪಕ್ಕದಲ್ಲಿಯೇ ಮೂಲ ಅಂಕಿಗಳನ್ನೂ ಪ್ರಕಟಿಸಬೇಕು. ಆರೋಗ್ಯಕ್ಕೆ ಸಂಬಂಧಿಸಿದ ಯಾವುದೇ ಒಂದು ಮಾನಕ ಮಿತಿ ಮೀರಿದರೆ, ಮೊತ್ತ ಎಷ್ಟೇ ಇದ್ದರೂ ಆ ಬಳಕೆಗೆ ನೀರು ಅಯೋಗ್ಯವೆಂದು ಸಾರಬೇಕು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ 6.3.2ನೆಯ ಸೂಚಕವು ಇನ್ನೊಂದು ದಾರಿಯನ್ನು ಹಿಡಿದಿದೆ. ಆಮ್ಲಜನಕ, ಲವಣಾಂಶ, ಸಾರಜನಕ, ರಂಜಕ ಮತ್ತು ಆಮ್ಲೀಯತೆಗಳ ಅಳತೆಗಳಲ್ಲಿ ಶೇಕಡ 80ರಷ್ಟಾದರೂ ಗೊತ್ತುಪಡಿಸಿದ ಗುರಿಗೆ ಹೊಂದಿದರೆ ಮಾತ್ರ ಆ ಜಲರಾಶಿಯನ್ನು ಒಳ್ಳೆಯದೆಂದು ಅದು ಪರಿಗಣಿಸುತ್ತದೆ.

ಅಂಕಿಗಳನ್ನು ಓದುವಾಗ

ಮಂಡಳಿಯ ವರದಿಗಳಲ್ಲಿ ಮಲಿನ ನದಿಪಾತ್ರಗಳ ಸಂಖ್ಯೆ 2009ರಲ್ಲಿ 150, 2015ರಲ್ಲಿ 302, 2018ರಲ್ಲಿ 351, 2022ರಲ್ಲಿ 311. ಈ ಏರಿಕೆಯಿಂದ ನದಿಗಳು ಅಷ್ಟೇ ಪ್ರಮಾಣದಲ್ಲಿ ಕೆಟ್ಟವೆಂದು ತೀರ್ಮಾನಿಸುವಂತಿಲ್ಲ. ಕೇಂದ್ರಗಳು ಹೆಚ್ಚಿದಂತೆ ಹಿಂದೆ ಕಾಣದಿದ್ದ ಮಾಲಿನ್ಯವೂ ಪಟ್ಟಿಗೆ ಬರುತ್ತದೆ. ಹಾಗೆಯೇ ಇಳಿಕೆಯನ್ನು ಕಂಡೊಡನೆ ಸಮಾಧಾನಪಡುವಂತೆಯೂ ಇಲ್ಲ. ಅದೇ ಕೇಂದ್ರ, ಅದೇ ಋತು, ಅದೇ ವಿಧಾನ ಎಂಬ ಮೂರು ಷರತ್ತುಗಳು ಪೂರೈಸಿದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ನಾಗರಿಕರು ಮಾಡಬಹುದಾದುದು

ಮಂಡಳಿಯು ವಾರ್ಷಿಕ ಅಂಕಿಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರಕಟಿಸುತ್ತದೆ. ದೊರೆಯದ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಅನ್ವಯ ಕೇಳಿ ಪಡೆಯಬಹುದು. ತಮ್ಮ ಬಡಾವಣೆಗೆ ಸಮೀಪದ ಕೇಂದ್ರ ಯಾವುದು, ಅಲ್ಲಿ ಬೇಸಿಗೆಯಲ್ಲಿ ಕೋಲಿಫಾರ್ಮ್ ಎಷ್ಟಿತ್ತು, ನಗರದ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಅಂತರವೆಷ್ಟು ಎಂಬುದನ್ನು ನಿವಾಸಿಗಳ ಸಂಘಗಳೂ ಕನ್ನಡ ಸಂಘಗಳೂ ವಿಚಾರಿಸಿ ತಿಳಿಯಬಹುದು. ಶಾಲೆಯ ಮಕ್ಕಳು ಒಂದೇ ಘಟ್ಟದ ನೀರಿನ ಉಷ್ಣತೆ, ಪಿ.ಎಚ್. ಮತ್ತು ತಿಳಿತನವನ್ನು ತಿಂಗಳಿಗೊಮ್ಮೆ ಬರೆದಿಟ್ಟರೂ ಅದು ಉಪಯುಕ್ತ ದಾಖಲೆಯಾಗುತ್ತದೆ.

ನದಿಯನ್ನು ಅಳೆದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಆದರೆ ಕೋಟ್ಯಂತರ ರೂಪಾಯಿಗಳ ಸಂಸ್ಕರಣ ಘಟಕವೊಂದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಸಾಕ್ಷಿ ನುಡಿಯಬಲ್ಲುದು ಅದರ ಕೆಳಗಣ ನೀರಿನ ಅಳತೆಯೊಂದೇ. ಆ ಸಾಕ್ಷ್ಯವನ್ನು ಕೇಳಿ ಪಡೆಯುವುದು ನದಿಯ ದಡದಲ್ಲಿ ವಾಸಿಸುವ ಪ್ರತಿಯೊಬ್ಬರ ಹಕ್ಕೂ ಹೌದು, ಕೆಳದಡದಲ್ಲಿರುವವರ ಬಗೆಗಿನ ಕರ್ತವ್ಯವೂ ಹೌದು.