ಉತ್ತರ ಗೊತ್ತಿಲ್ಲದ ಪ್ರಾಕ್ಟಿಕಲ್

ಅಮೆರಿಕದ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳು ಜೀವವಿಜ್ಞಾನದ ಲ್ಯಾಬಿಗೆ ಬರುವಾಗ ಒಂದಿಷ್ಟು ಮಣ್ಣು ತರುತ್ತಾರೆ. ಹೂಕುಂಡದ್ದು, ಗೊಬ್ಬರದ ಗುಂಡಿಯದು, ಹಾಸ್ಟೆಲ್ ಹಿಂದಿನ ಮರದ ಬುಡದ್ದು, ಎಲ್ಲಿಯದಾದರೂ ಸರಿ. ಆ ಮಣ್ಣಿನಿಂದ ಇದುವರೆಗೆ ಯಾರೂ ಕಾಣದ ಒಂದು ವೈರಸ್ಸನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಸೀ-ಫೇಜಸ್ ಎಂಬ ಈ ಕೋರ್ಸನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಮತ್ತು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಸೇರಿ 2008ರಲ್ಲಿ ಆರಂಭಿಸಿದರು.

ಮಾಮೂಲಿ ಪ್ರಾಕ್ಟಿಕಲ್‌ಗೂ ಇದಕ್ಕೂ ಬಹಳ ಅಂತರವಿದೆ. ಟೈಟ್ರೇಶನ್ ಮಾಡುವಾಗ ಬರಬೇಕಾದ ರೀಡಿಂಗ್ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಬ್ಯೂರೆಟ್ ಬೇರೆ ಅಂಕಿ ತೋರಿಸಿದರೆ ತಪ್ಪು ವಿದ್ಯಾರ್ಥಿಯದೇ. ನಮ್ಮ ಕಾಲೇಜುಗಳಲ್ಲಿ ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ದಾಟುವುದೂ ಇದಕ್ಕೇ. ಕೈ ಪಳಗಲು ಅಂಥ ಪ್ರಯೋಗಗಳು ಬೇಕೇ ಬೇಕು. ಆದರೆ ಮಣ್ಣಿನ ಚೀಲದಲ್ಲಿ ಏನಿದೆಯೆಂಬುದು ಕಲಿಸುವ ಮೇಷ್ಟರಿಗೂ ಗೊತ್ತಿಲ್ಲ. ಸಂಶೋಧನೆ ಶುರುವಾಗುವುದೇ ಅಲ್ಲಿಂದ.

ಹುಡುಕುವ ವೈರಸ್ಸಿನ ಹೆಸರು ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್. ಇದು ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಅಲ್ಲೇ ಮರಿ ಹಾಕಿ, ಅದನ್ನು ಒಡೆದು ಹೊರಬರುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ಫೆಲಿಕ್ಸ್ ಡೆರೆಲ್ 1917ರಲ್ಲಿ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡರು. 1ರ ಮುಂದೆ 31 ಸೊನ್ನೆ ಬರೆದರೆ ಎಷ್ಟೋ ಅಷ್ಟು ಫೇಜ್‌ಗಳು ಭೂಮಿಯ ಮೇಲಿವೆ ಎಂಬುದು ಅಂದಾಜು. ಹಾಗಾಗಿ ಹದಿನೆಂಟು ವರ್ಷದವರ ಕೈಗೂ ಹೊಸದೊಂದು ಸಿಗುತ್ತದೆ. ಫೇಜ್ ಮನುಷ್ಯರ ಜೀವಕೋಶಕ್ಕೆ ಸೋಂಕು ತಗಲಿಸುವುದಿಲ್ಲ. ಅದನ್ನು ಹಿಡಿಯಲು ಹೆಚ್ಚಾಗಿ ಬಳಸುವ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಕೂಡ ಕ್ಷಯದ ರೋಗಾಣುವಿನ ಬಂಧುವಾದರೂ ಸಾಧು ಸ್ವಭಾವದ್ದು.

ಮಣ್ಣನ್ನು ದ್ರಾವಣದಲ್ಲಿ ಕಲಕಿ, 0.22 ಮೈಕ್ರಾನ್ ರಂಧ್ರಗಳ ಫಿಲ್ಟರಿನಲ್ಲಿ ಸೋಸುತ್ತಾರೆ. ಬ್ಯಾಕ್ಟೀರಿಯಾ ಮೇಲೇ ಉಳಿಯುತ್ತದೆ, ಫೇಜ್ ಕೆಳಗಿಳಿಯುತ್ತದೆ. ಸೋಸಿದ ನೀರನ್ನು ಸ್ಮೆಗ್ಮಾಟಿಸ್ ಜೊತೆ ಬೆರೆಸಿ, ಕರಗಿದ ಅಗರ್ ಸೇರಿಸಿ, ಪೆಟ್ರಿ ತಟ್ಟೆಯ ಮೇಲೆ ಸುರಿಯಬೇಕು. ಇಲ್ಲಿ ಹದ ತಪ್ಪುವಂತಿಲ್ಲ. ಅಗರ್ ತೀರಾ ಬಿಸಿಯಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕೈ ನಿಧಾನವಾದರೆ ಕೊಳವೆಯಲ್ಲೇ ಹೆಪ್ಪುಗಟ್ಟಿ ತಟ್ಟೆಯ ಮೇಲೆ ಗಂಟುಗಂಟಾಗಿ ಬೀಳುತ್ತದೆ. ಒಂದೆರಡು ದಿನ ಕಾವಿನಲ್ಲಿಟ್ಟು ತೆಗೆದಾಗ ತಟ್ಟೆಯ ತುಂಬ ಬ್ಯಾಕ್ಟೀರಿಯಾ ತೆಳುಗೆನೆಯಂತೆ ಹರಡಿರುತ್ತದೆ. ಫೇಜ್ ಬಿದ್ದ ಕಡೆ ಮಾತ್ರ ಕೆನೆ ಹರಿದು ತಿಳಿಯಾದ ಸಣ್ಣ ಚುಕ್ಕೆ. ಅದೇ ಪ್ಲಾಕ್.

ಎಷ್ಟೋ ಸಲ ಆ ಚುಕ್ಕೆ ಇರುವುದಿಲ್ಲ. ಮಣ್ಣಿನಲ್ಲೇ ಫೇಜ್ ಇರಲಿಲ್ಲವೇ? ಅಗರ್ ಬಿಸಿಯಾಗಿತ್ತೇ? ಚುಕ್ಕೆ ಕಂಡರೂ ಅದು ಪ್ಲಾಕೋ, ಬರೀ ಗಾಳಿಗುಳ್ಳೆಯೋ? ನಿರ್ಧರಿಸುವುದು ಕಂಟ್ರೋಲ್ ತಟ್ಟೆ: ಮಣ್ಣಿನ ನೀರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅದೇ ರೀತಿ ಹಾಕಿಟ್ಟ ತಟ್ಟೆ. ಅಲ್ಲೂ ಅಂಥದೇ ಚುಕ್ಕೆ ಇದ್ದರೆ ಸಿಕ್ಕಿದ್ದು ಫೇಜ್ ಎನ್ನುವಂತಿಲ್ಲ. ಪಿಯುಸಿಯಲ್ಲಿ ಒಂದು ಸಾಲಿನಲ್ಲಿ ಓದಿ ಮರೆತ ಕಂಟ್ರೋಲ್ ಎಂಬ ಮಾತಿನ ತೂಕ ತಿಳಿಯುವುದು ಇಂಥ ದಿನವೇ. ನೋಟ್‌ಬುಕ್ಕಿನ ಬೆಲೆಯೂ ಅಷ್ಟೇ. ಯಾವ ಕೊಳವೆಗೆ ಎಷ್ಟು ಹನಿ ಹಾಕಿತ್ತೆಂದು ಬರೆದಿಡದಿದ್ದರೆ ವಾರದ ಕೆಲಸ ಪುನಃ ಮೊದಲಿನಿಂದ. ಖಾಲಿ ತಟ್ಟೆಗೆ ಅಂಕ ಕಳೆಯುವುದಲ್ಲ, ಏಕೆ ಖಾಲಿಯೆಂದು ಯೋಚಿಸಲು ಬಿಡುವುದು ಈ ಕೋರ್ಸಿನ ದೊಡ್ಡ ಗುಣ.

ಪ್ಲಾಕ್ ಖಚಿತವಾದ ಮೇಲೆ ಅದೊಂದೇ ಫೇಜ್ ಉಳಿಯುವಂತೆ ಮತ್ತೆ ಮತ್ತೆ ಬೆಳೆಸಿ ಶುದ್ಧಗೊಳಿಸುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತಲೆ, ಬಾಲ ಕಾಣುತ್ತವೆ. ಹೆಸರಿಡುವ ಹಕ್ಕು ಕಂಡುಹಿಡಿದ ವಿದ್ಯಾರ್ಥಿಯದು. ಮಾದರಿ ಪಿಟ್ಸ್‌ಬರ್ಗ್‌ನ ಫ್ರೀಜರ್ ಸೇರುತ್ತದೆ. ಆಯ್ದ ಕೆಲವು ಫೇಜ್‌ಗಳ ಡಿಎನ್ಎ ಓದಿಸಿ, ಎರಡನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಹತ್ತಾರು ಸಾವಿರ ಅಕ್ಷರಗಳ ಸಾಲಿನಲ್ಲಿ ಒಂದೊಂದು ಜೀನ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗುರುತಿಸುವುದು ಸುಲಭವಲ್ಲ. ಒಂದೇ ಜೀನ್‌ಗೆ ಇಬ್ಬರು ಎರಡು ಆರಂಭ ತೋರಿಸುತ್ತಾರೆ, ಸಾಕ್ಷ್ಯ ಮುಂದಿಟ್ಟು ವಾದ ನಡೆಯುತ್ತದೆ. ತೀರ್ಮಾನವಾದದ್ದು ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರಕ್ಕೆ ಹೋಗುತ್ತದೆ. 2014ರಲ್ಲಿ ಪ್ರಕಟವಾದ ಲೇಖನದ ಪ್ರಕಾರ ಆ ಹೊತ್ತಿಗೆ 73 ಸಂಸ್ಥೆಗಳ 4,800ಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ಕೋರ್ಸ್ ಮುಗಿಸಿದ್ದರು.

ಹೀಗೆ ಕೂಡಿಟ್ಟ ಫ್ರೀಜರ್ ಒಂದು ಜೀವಕ್ಕೆ ಒದಗಿಬಂತು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 2010ರಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೊಳೆತ ಬದನೆಕಾಯಿಯಲ್ಲಿ ಒಂದು ಫೇಜ್ ಸಿಕ್ಕಿತ್ತು. ಮಡ್ಡಿ ಎಂಬ ಹೆಸರಿನ ಅದೂ ಈ ಫ್ರೀಜರ್ ಸೇರಿತ್ತು. ಲಂಡನ್ನಿನಲ್ಲಿ ಎರಡೂ ಶ್ವಾಸಕೋಶ ಕಸಿ ಮಾಡಿಸಿಕೊಂಡ 15 ವರ್ಷದ ಹುಡುಗಿಗೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಸೋಂಕು ಮೈಯೆಲ್ಲ ಹರಡಿ, ಆ್ಯಂಟಿಬಯೋಟಿಕ್‌ಗಳು ಕೈಚೆಲ್ಲಿದಾಗ ವೈದ್ಯರು ಹ್ಯಾಟ್‌ಫುಲ್ ಅವರನ್ನು ಕೇಳಿದರು. ಸಂಗ್ರಹವನ್ನೆಲ್ಲ ಜಾಲಾಡಿದಾಗ ಆ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತಿದ್ದದ್ದು ಮಡ್ಡಿ. ಬಿಪಿಎಸ್, ಜೋಯಿಜೆ ಎಂಬ ಇನ್ನೆರಡು ಫೇಜ್‌ಗಳಿಂದ ಒಂದೊಂದು ಜೀನ್ ತೆಗೆದು ಹರಿತಗೊಳಿಸಿ, ಮೂರನ್ನೂ ಬೆರೆಸಿ 2018ರಲ್ಲಿ ರಕ್ತನಾಳದ ಮೂಲಕ ಕೊಟ್ಟರು. ಎದೆಯ ಗಾಯ ಮುಚ್ಚಿತು, ಚರ್ಮದ ಗಂಟುಗಳು ಕರಗತೊಡಗಿದವು. ಮುಂದಿನ ವರ್ಷ ನೇಚರ್ ಮೆಡಿಸಿನ್ ಪತ್ರಿಕೆ ಇದನ್ನು ಪ್ರಕಟಿಸಿತು. ಬಳಿಕ ಇಂಥ ಸೋಂಕಿನ 20 ರೋಗಿಗಳ ಚಿಕಿತ್ಸೆಯ ವಿವರ ಹೊರಬಂದಾಗ 11 ಮಂದಿಗೆ ಅನುಕೂಲವಾಗಿತ್ತು. ಅವರಲ್ಲಿ ಹಲವರಿಗೆ ಕೊಟ್ಟದ್ದರಲ್ಲಿ ಬದನೆಕಾಯಿಯ ಫೇಜ್ ಕೂಡ ಇತ್ತು.